ಜರಾ ತಿರುವ್ತೀನಿ ತಡಿ

ಮಾದನಹಿಪ್ಪರಗಾದಲ್ಲಿ ಇಂಜಿನ್ ಕಾಕಾನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಎಲ್ಲಿ ಒಂದು ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮಲಗಿದೆಯೋ, ಸುತ್ತಲೂ ನಾಲ್ಕು ಮಂದಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೋ, ಅಲ್ಲಿ ನಡುವೆ ಕುಕ್ಕರಗಾಲಲ್ಲಿ ಕೂತವನೇ ಕಾಕಾ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಊರೂರಿಗೂ ಇಂಥವನೊಬ್ಬ ಇದ್ದೇ ಇರುತ್ತಾನೆ. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿತು. ಕಾಕಾನಿಗೆ ಇನ್ನೂ ಸಿಕ್ಕಿಲ್ಲ.

ಮಂದಿ ಪೆನ್ನು ಸಿಗಿಸುವ ಕಿಸೆಯಲ್ಲಿ ಕಾಕಾ ಸ್ಕ್ರೂಡ್ರೈವರ್ ಸಿಗಿಸುತ್ತಾನೆ. ಬ್ಯಾಂಕಿನಲ್ಲಿ ಸಹಿ ಹಾಕಲು ಹೋದಾಗ ಅಭ್ಯಾಸಬಲದಿಂದ ಅದನ್ನೇ ತೆಗೆದು, ಎದುರಿಗಿದ್ದ ಮೇಜಿನ ಸಡಿಲ ಕಾಲನ್ನು ಬಿಗಿ ಮಾಡಿ ಬಂದದ್ದುಂಟು. ಕೂಲಿ ಕೇಳುವುದಿಲ್ಲ. ಒಂದು ಕಪ್ ಚಹಾ, ಚಿಟಿಕೆ ತಂಬಾಕು, ನಾಲ್ವರಿಗೆ ಕಡಿಮೆಯಿಲ್ಲದ ಪ್ರೇಕ್ಷಕರು, ಇಷ್ಟಿದ್ದರೆ ಸಾಕು. ನೋಡುವವರು ಮೂವರೇ ಇದ್ದ ದಿನ ರೋಗ ಬೇಗ ಸಿಗುವುದಿಲ್ಲ.

ಕಾಕಾನ ಸುಗ್ಗಿ ಶುರುವಾಗುವುದು ತೊಗರಿ ಹೂ ಬಿಟ್ಟಾಗ. ಹಿಂದೆಲ್ಲ ಗಿಡದ ಬುಡಕ್ಕೆ ಚಾದರ ಹಾಸಿ, ಗಿಡ ಅಲ್ಲಾಡಿಸಿ ಹುಳ ಉದುರಿಸುತ್ತಿದ್ದರು. ಚಾದರಕ್ಕೆ ಕಾರ್ಬೊರೇಟರ್ ಇಲ್ಲವಾದ್ದರಿಂದ ಕಾಕಾನಂಥವರನ್ನು ಯಾರೂ ಕರೆಯುತ್ತಿರಲಿಲ್ಲ. ಬೆನ್ನಿಗೆ ಕಟ್ಟುವ ಪೆಟ್ರೋಲ್ ಪಂಪು ಬಂತು, ಕಾಕಾನ ಕಾಲವೂ ಬಂತು. ನಮ್ಮ ಕಡೆ ಬೆಳೆಗೆ ಔಷಧ ಸಿಂಪಡಿಸುವುದಕ್ಕೆ ‘ಎಣ್ಣಿ ಹೊಡಿಯೋದು’ ಅನ್ನುತ್ತಾರೆ. ಪೆಟ್ರೋಲಿಗೆ ಬೆರೆಸುವುದೂ ಎಣ್ಣಿ, ಸಂಜೆ ಕೆಲವರು ಹೊಡೆಯುವುದೂ ಎಣ್ಣಿ. ಮೂರರಲ್ಲಿ ಯಾವುದರ ಅಳತೆ ತಪ್ಪಿದರೂ ಮನೆಯಲ್ಲಿ ಹೊಗೆ ಏಳುತ್ತದೆ ಎಂಬುದು ಕಾಕಾನ ಸಿದ್ಧಾಂತ. ಹಳೆ ಪಂಪಿಗೆ ಲೀಟರ್ ಪೆಟ್ರೋಲಿಗೆ 40 ಮಿಲಿ, ಹೊಸದಕ್ಕೆ 20 ಎಂದು ಕಾಗದದಲ್ಲಿ ಬರೆದಿರುತ್ತದೆ. ಕಾಕಾ ಬಾಟಲಿಯ ಮುಚ್ಚಳದಲ್ಲಿ ಸುರಿದು, ಆಕಾಶ ನೋಡಿ, ಇನ್ನೊಂದು ತೊಟ್ಟು ಹಾಕುತ್ತಾನೆ.

ಯಾವ ಯಂತ್ರ ನಿಂತರೂ ಮೊದಲ ಮಾತು ಒಂದೇ: “ಪ್ಲಗ್ ತಗಿ.” ತೆಗೆದ ಪ್ಲಗ್ಗನ್ನು ವೈದ್ಯರು ನಾಲಿಗೆ ನೋಡುವಂತೆ ನೋಡುತ್ತಾನೆ. ಕರ್ರಗಿದ್ದರೆ ಎಣ್ಣೆ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ, ಬೆಲ್ಲದ ಚಹಾದ ಬಣ್ಣವಿದ್ದರೆ ಯಂತ್ರ ಸುಖವಾಗಿದೆ. ಕಾಸಪೇಪರಿನಿಂದ ತಿಕ್ಕಿ, ಉಫ್ ಎಂದು ಊದಿ ಕೂರಿಸಿದರೆ ಹತ್ತರಲ್ಲಿ ಏಳು ಪಂಪು ಚಾಲೂ. ಆದರೆ ಅಷ್ಟಕ್ಕೇ ಎದ್ದು ಹೋದರೆ ಅವನು ಕಾಕಾ ಹೇಗಾದಾನು? ನೆಟ್ಟಗೆ ಓಡುತ್ತಿರುವ ಇಂಜಿನ್ ಕಂಡರೆ ಅವನ ಬೆರಳು ತುರಿಸುತ್ತದೆ. “ಜರಾ ತಿರುವ್ತೀನಿ ತಡಿ” ಎಂದು ಕಾರ್ಬೊರೇಟರಿನ ಸ್ಕ್ರೂಗೆ ಕೈ ಹಾಕುತ್ತಾನೆ. ಆಮೇಲಿನದು ಸಂಜೆಯತನಕದ ಕೆಲಸ.

ಹಂಗಾಮು ಮುಗಿದ ಮೇಲೆ ಪಂಪಿನೊಳಗೆ ಪೆಟ್ರೋಲ್ ಬಿಡಬೇಡಿ, ಅದು ಅಂಟಾಗಿ ಜೆಟ್ಟಿನ ತೂತು ಮುಚ್ಚುತ್ತದೆ ಎಂದು ಪ್ರತಿ ವರ್ಷವೂ ಹೇಳುತ್ತಾನೆ. ಕೇಳಿಬಿಟ್ಟರೆ ಮುಂದಿನ ವರ್ಷದ ಚಹಾ ಹೋಯಿತಲ್ಲ, ಅದಕ್ಕೇ ಸಣ್ಣ ದನಿಯಲ್ಲಿ ಹೇಳುತ್ತಾನೆ.

ಅವನ ವಿದ್ಯಾಭ್ಯಾಸವೆಲ್ಲ ಲೂನಾ ಮತ್ತು ಯೆಜ್ಡಿ ಮೇಲೆ ಆದದ್ದು. 1972ರಲ್ಲಿ ಬಂದ ಐವತ್ತು ಸಿಸಿ ಲೂನಾ ಅವನ ಕನ್ನಡ ಶಾಲೆ. ಮೈಸೂರಿನ ಯೆಜ್ಡಿ ಹೈಸ್ಕೂಲು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದಾಗ ಕಾಕಾ ತನ್ನ ಸಾಲಿಯೇ ಮುಚ್ಚಿದಂತೆ ಮರುಗಿದನಂತೆ. ದೊಡ್ಡ ಪೆಟ್ಟು ಬಿದ್ದದ್ದು 2020ರ ಏಪ್ರಿಲ್ 1ಕ್ಕೆ. ಹೊಗೆಯ ಹೊಸ ನಿಯಮ ಬಂದು, ಹೊಸ ಬೈಕುಗಳ ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಕೂತಿತು. ನನ್ನ ಹೊಸ ಬೈಕಿನ ಸುತ್ತ ಮೂರು ಸುತ್ತು ಬಂದು ಕಾಕಾ ಕೇಳಿದ: “ಸ್ಕ್ರೂ ಎಲ್ಲದೋ ಇದರದು?” ಇಲ್ಲ ಅಂದೆ. ಊಟಕ್ಕೆಂದು ಕರೆದು ಫೋಟೊ ತೋರಿಸಿದಂತಾಯಿತು ಅವನಿಗೆ. ಆಮೇಲೆ ಪಂಪುಗಳೂ ಬ್ಯಾಟರಿಯವಾದವು.

ಹೀಗೆ ಕಾಕಾನ ಬೆರಳು ಬರಿದಾಗಿದ್ದ ಜನವರಿಯಲ್ಲೇ ಪುಣೆಯಿಂದ ನಮ್ಮ ಅಕ್ಕನ ಮಗ ಬಂದ. ಕಾರಿನ ಡಿಕ್ಕಿಯಲ್ಲಿ ಇನ್ನೊಂದು ಕಾರು. ಮೊಳದುದ್ದದ್ದು, ಕೈಯಲ್ಲಿ ಹಿಡಿದ ರಿಮೋಟಿನಿಂದ ಓಡುವಂಥದ್ದು. ಆಟಿಕೆ ಎಂದರು ಮನೆಯವರು. “ಇಲ್ರಿ, ಇದು ನೈಟ್ರೋ ಇಂಜಿನ್. ಮೂರೂವರಿ ಸಿಸಿ, ನಿಮಿಷಕ್ಕ ಮೂವತ್ತ್ ಸಾವಿರ ಸುತ್ತ” ಎಂದ ಹುಡುಗ. ಮೂರೂವರೆ ಸಿಸಿ ಎಂದರೆ ಚಹಾ ಚಮಚೆಯೂ ತುಂಬುವುದಿಲ್ಲ. ಸುದ್ದಿ ಕಾಕಾನಿಗೆ ಹೇಗೆ ಮುಟ್ಟಿತೋ, ಚಾಲೂ ಮಾಡುವ ಹಗ್ಗ ಎಳೆಯುವ ಮೊದಲೇ ಹಾಜರು.

ಹುಡುಗ ಎಳೆದ. ಹಗ್ಗ ಅರ್ಧಕ್ಕೆ ಬಿಗಿ.

“ಸೀಜ್ ಆಗ್ಯಾದ” ಎಂದ ಕಾಕಾ. “ಬೋರ್ ಮಾಡಸ್ಬೇಕು, ಸೊಲ್ಲಾಪುರಕ್ಕ ಒಯ್ಯಿ.”

“ಸೀಜ್ ಅಲ್ರಿ ಕಾಕಾ. ಇದಕ್ಕ ರಿಂಗೇ ಇಲ್ಲ. ಹಿತ್ತಾಳಿ ಸಿಲಿಂಡರ್, ಮ್ಯಾಲಕ್ಕ ಹೋದಾಂಗ ಸಣ್ಣ ಆಗ್ತದ. ಥಂಡಿ ಇದ್ದಾಗ ಪಿಸ್ಟನ್ ಹಿಡೀತದ, ಕಾದ್ಮ್ಯಾಲ ಸಡಲ್ ಆಗ್ತದ. ಪುಣೇದಾಗ ಕೂದ್ಲ ಒಣಸೋ ಮಷಿನ್ಲೆ ಕಾಸ್ತೀವಿ.”

“ಮುದಕರು ಇದ್ದಾಂಗ ಅನ್ನು. ಬಿಸಲಾಗ ಕೂಡ್ರಸು.”

ಬಿಸಿಲಿಗೆ ಕೂರಿಸಿದರು. ಆದರೆ ಅಷ್ಟರೊಳಗೆ ಎಳೆದೆಳೆದು ಎಣ್ಣೆ ಒಳಗೆ ತುಂಬಿತ್ತು. ಹಗ್ಗ ಈಗ ಪೂರ್ತಿ ಕಚ್ಚಿಕೊಂಡಿತು. ಪಕ್ಕಡ ಹಿಡಿದು ಎಳೆಯಲು ಮುಂದಾದ ಕಾಕಾನನ್ನು ಹುಡುಗ ತಡೆದ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಜೋರು ಮಾಡಿದರೆ ಒಳಗಿನ ರಾಡು ಬಾಗುತ್ತದೆ. ಪ್ಲಗ್ ಬಿಚ್ಚಿ, ಕಾರನ್ನು ಬೋರಲು ಹಿಡಿದು ಹಗ್ಗ ಎಳೆದರೆ ಎಣ್ಣೆಯೆಲ್ಲ ಕಾರಂಜಿಯಾಗಿ ಕಾಕಾನ ಧೋತರದ ಮೇಲೆ. ಕಾಕಾ ಬೈಯಲಿಲ್ಲ, ಮೂಸಿ ನೋಡಿದ.

“ಔಡಲೆಣ್ಣಿ! ಸಣ್ಣಂವ ಇದ್ದಾಗ ನಮ್ಮವ್ವ ಜುಲಾಬಿಗಿ ಇದನ್ನೇ ಕುಡಿಸ್ತಿದ್ಳು.”

ಸರಿಯೇ. ಈ ಇಂಜಿನ್ನಿನ ಎಣ್ಣೆಯಲ್ಲಿ ಮೆಥನಾಲ್, ನೈಟ್ರೋಮೀಥೇನ್, ಜೊತೆಗೆ ನುಣುಪಿಗೆ ಔಡಲೆಣ್ಣೆ ಇರುತ್ತದೆ. ನಿಂತವರಲ್ಲೊಬ್ಬ ಡಬ್ಬಿಯ ಮೇಲೆ ಬಹಳ ಪ್ರೀತಿಯಿಂದ ಬಾಗಿದಾಗ ಮಾತ್ರ ಹುಡುಗ ಹೌಹಾರಿದ. ಮೆಥನಾಲ್ ಎಂದರೆ ಕಳ್ಳಬಟ್ಟಿಯಲ್ಲಿ ಬೆರೆತು ಕಣ್ಣು, ಜೀವ ಎರಡನ್ನೂ ತೆಗೆಯುವ ವಿಷ. ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆಯೂ ಕಾಣುವುದಿಲ್ಲ. ಡಬ್ಬಿ ಒಳಗೆ ಹೋಯಿತು, ಬೀಡಿಗಳು ಆರಿದವು.

ಕಾಕಾನ ಕೈಯಲ್ಲಿ ಈಗ ಪ್ಲಗ್. ಬಣ್ಣ ನೋಡಿದ, ತಿರುಗಿಸಿದ. “ವೈರ್ ಎಲ್ಲದ?”

“ವೈರ್ ಇಲ್ರಿ. ಕಿಡಿ ಹೊಡಿಯಂಗಿಲ್ಲ ಇದು. ಒಳಗ ಪ್ಲಾಟಿನಂ ತಂತಿ ಅದ. ಸುರೂಕ ದೀಡ್ ವೋಲ್ಟ್ ಹಚ್ಚಿ ಕೆಂಪ ಮಾಡ್ಬೇಕು. ಚಾಲೂ ಆದ್ಮ್ಯಾಲ ಬ್ಯಾಟರಿ ತಗದ್ರೂ ಆರಂಗಿಲ್ಲ.”

“ಪ್ಲಾಟಿನಂ!” ಕಾಕಾ ದನಿ ತಗ್ಗಿಸಿದ. “ಎಷ್ಟ್ ಗುಂಜಿ ಬರ್ತದ?”

ಮೆಥನಾಲಿನ ಆವಿ ಪ್ಲಾಟಿನಮ್ಮಿಗೆ ತಗಲಿದರೆ ತಂತಿ ತಾನಾಗಿ ಕೆಂಪಗೇ ಉಳಿಯುತ್ತದೆ. ಅಮೆರಿಕದ ರೇ ಆರ್ಡೆನ್ ಈ ಪ್ಲಗ್ಗನ್ನು ಮಾರಾಟಕ್ಕೆ ತಂದದ್ದು 1947ರ ಸುಮಾರಿಗೆ. ಪುಟ್ಟ ಇಂಜಿನ್ನುಗಳಿಗೆ ಬ್ಯಾಟರಿಯಿಂದ ಬಿಡುಗಡೆಯಾದದ್ದೂ ದೇಶಕ್ಕೆ ಆದ ಹೊತ್ತಿಗೇ. ನಿಜಾಮನ ಕೈಕೆಳಗಿದ್ದ ನಮ್ಮ ಸೀಮೆ ಮಾತ್ರ 1948ರ ಸೆಪ್ಟೆಂಬರ್ 17ರತನಕ ಕಾಯಬೇಕಾಯಿತು.

ಇಂಜಿನ್ ಹೊತ್ತಿತು. ಕಣಜದ ಹುಳುವಿಗೆ ಸಿಟ್ಟು ಬಂದಂಥ ಸದ್ದು. ಕಾರು ಕಣದಲ್ಲಿ ಎರಡು ಸುತ್ತು ಹೊಡೆಯಿತು. ಹುಡುಗರು ಹೋ ಎಂದರು. ಕಾಕಾ ಕಣ್ಣು ಮುಚ್ಚಿ ಕೂತಿದ್ದ.

“ಗಂಟಲ ಒಣಗ್ಯಾದ ಇದರದು. ಎಣ್ಣಿ ಕಮ್ಮಿ.”

“ಇಲ್ರಿ, ಪುಣೇದಾಗ ಮಧ್ಯಾಹ್ನ ಕೂತು ಬರೋಬ್ಬರಿ ಟ್ಯೂನ್ ಮಾಡೀನಿ.”

ಕಾಕಾ ಕಾರನ್ನು ತರಿಸಿ ಇಂಜಿನ್ನಿನ ತಲೆಯ ಮೇಲೆ ಬೆರಳಿನಿಂದ ಒಂದು ತೊಟ್ಟು ಉಗುಳು ಇಟ್ಟ. ಅದು ಚುಂಯ್ ಎನ್ನುವಷ್ಟರಲ್ಲಿ ಮಾಯ. ಹುಡುಗ ಕೊರೊನಾದಲ್ಲಿ ಹಣೆಗೆ ಹಿಡಿಯುತ್ತಿದ್ದಂಥ ಪಿಸ್ತೂಲು ತೆಗೆದ. “ನನಗ ಜ್ವರ ಇಲ್ಲ” ಎಂದು ಕಾಕಾ ಹಿಂದೆ ಸರಿದ. ಇಂಜಿನ್ನಿಗಿತ್ತು: 138 ಡಿಗ್ರಿ. ನೂರಾ ಇಪ್ಪತ್ತು ದಾಟಬಾರದಂತೆ.

ಹುಡುಗನ ಮುಖ ಇಳಿಯಿತು. ಕಾಕಾ ಮೇಲಕ್ಕೆ ನೋಡಿ, “ನಮ್ಮೂರ್ ಗಾಳಿ ಗಟ್ಟಿ ಅದ ತಮ್ಮಾ” ಎಂದ. ಎಲ್ಲರೂ ನಕ್ಕರು, ಹುಡುಗ ನಗಲಿಲ್ಲ. ಜನವರಿ ಬೆಳಗಿನ ತಣ್ಣನೆಯ ಗಾಳಿ ನಿಜವಾಗಿಯೂ ಗಟ್ಟಿ. ಅದೇ ಉಸಿರಿನಲ್ಲಿ ಹೆಚ್ಚು ಗಾಳಿ ಒಳಗೆ ಹೋಗುತ್ತದೆ, ಅದಕ್ಕೆ ತಕ್ಕ ಎಣ್ಣೆ ಸಾಲದಾಗುತ್ತದೆ. ಹುಡುಗ ಕಾರ್ಬೊರೇಟರಿನ ಎಣ್ಣೆ ಸೂಜಿಯನ್ನು ಎಡಕ್ಕೆ, ಗಡಿಯಾರದ ಮುಳ್ಳಿನ ಐದು ನಿಮಿಷದಷ್ಟು ತಿರುವಿದ. ಬಾಲದಿಂದ ನೀಲಿ ಹೊಗೆ ಎದ್ದಿತು, ಪಿಸ್ತೂಲಿನಲ್ಲಿ 112.

ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಈ ಕಾರ್ಬೊರೇಟರಿಗೆ ಒಂದಲ್ಲ, ಎರಡು ಸೂಜಿ ಎಂಬುದನ್ನು ಕಾಕಾ ನೋಡಿಬಿಟ್ಟ: ವೇಗಕ್ಕೊಂದು, ನಿಂತಲ್ಲಿ ಗುನುಗುವುದಕ್ಕೊಂದು. ಐದು ವರ್ಷದ ಉಪವಾಸದ ನಂತರ ಹೋಳಿಗೆ ಎರಡು ಬಿದ್ದರೆ ಯಾರು ಕೈ ಹಿಂದೆ ತೆಗೆಯುತ್ತಾರೆ? “ಜರಾ ತಿರುವ್ತೀನಿ ತಡಿ.” ಹೊಗೆ ಕಣ ತುಂಬಿತು, ಇಂಜಿನ್ ಕೆಮ್ಮಿ ನಿಂತಿತು. ಬಲಕ್ಕೆ ತಿರುವಿದ, ಕಿರುಚಿ ನಿಂತಿತು. ಗಾಳಿಯ ಫಿಲ್ಟರನ್ನು ಗೋಡೆಗೆ ಬಡಿದು ಒರೆಸಲು ಹೋದ. ಆ ಸ್ಪಂಜಿಗೆ ಎಣ್ಣೆ ಇದ್ದರೇನೇ ನಮ್ಮ ಎರೆಮಣ್ಣಿನ ಧೂಳು ತಡೆಯುವುದು ಎಂದು ಹುಡುಗ ಕೈ ಮುಗಿದು ಕಸಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಅರ್ಧ ಲೀಟರ್ ಎಣ್ಣೆ ಖರ್ಚು, ಪ್ಲಗ್ಗಿನ ತಂತಿ ಹರಿದಿತ್ತು, ನಾಲ್ಕು ಸಲ ಚಹಾ ಆಗಿತ್ತು, ಕಾಕಾನ ಮುಖದಲ್ಲಿ ಜಾತ್ರೆಯ ಕಳೆ.

ಸಂಜೆ ಹುಡುಗ ಉಳಿದ ಎಣ್ಣೆ ಬಸಿದು, ಹೊಸ ಪ್ಲಗ್ ಹಾಕಿ ಒಳಗಿದ್ದದ್ದನ್ನೂ ಉರಿಸಿ ಮುಗಿಸಿ, ನಾಲ್ಕು ತೊಟ್ಟು ಮಷಿನ್ ಎಣ್ಣೆ ಬಿಟ್ಟ. ಮೆಥನಾಲ್ ಗಾಳಿಯ ನೀರು ಹೀರಿ ಬೇರಿಂಗಿಗೆ ತುಕ್ಕು ಹಿಡಿಸುತ್ತದಂತೆ. ಕಾಕಾ ನಮ್ಮೆಲ್ಲರ ಕಡೆ ನೋಡಿದ. ಮೂವತ್ತು ವರ್ಷದಿಂದ ಹೇಳುತ್ತಿರುವುದನ್ನು ಕೊನೆಗೂ ಒಬ್ಬ ಮಾಡಿದ್ದ.

“ಮುಂದಿನ ಸರ್ತಿ ಬ್ಯಾಟರಿ ಕಾರ್ ತರ್ತೀನ್ರಿ ಕಾಕಾ. ಈಗ ಎಲ್ಲಾರೂ ಅದೇ ಓಡಸ್ತಾರ. ಬಟನ್ ಒತ್ತಿದ್ರ ಆಯ್ತು.”

“ಅದ್ರಾಗ ತಿರುವೋದು ಏನದ?” ಎಂದ ಕಾಕಾ. ಹುಡುಗನಲ್ಲಿ ಉತ್ತರವಿರಲಿಲ್ಲ.

ಹರಿದ ಪ್ಲಗ್ಗನ್ನು ಕಾಕಾ ಕೇಳಿ ಪಡೆದ. ಎಲಿ ಅಡಕಿ ಚಂಚಿಯಲ್ಲಿಟ್ಟುಕೊಂಡು, ಹೋಟೆಲಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿ, ಕಡೆಗೆ ಒಂದು ದಿನ ಪಿನ್ನಿನಿಂದ ಒಳಗಿನ ತಂತಿ ಕಿತ್ತು ಪತ್ತಾರನ ಅಂಗಡಿಗೆ ಒಯ್ದ. ಕೂದಲೆಳೆಯಂಥ ಆ ಸುರುಳಿಯನ್ನು ಪತ್ತಾರ ಚಿಮಟಿಯಿಂದ ಕಾಟಾದ ಮೇಲಿಟ್ಟ. ಸೊನ್ನೆ, ಚುಕ್ಕೆ, ಸೊನ್ನೆ. ಕೊನೆಯ ಅಂಕಿ ಒಮ್ಮೆ ಮಿಣುಕಿ ಸುಮ್ಮನಾಯಿತು.

ಕಾಕಾ ಕಾಟಾವನ್ನು ತನ್ನ ಕಡೆ ಎಳೆದುಕೊಂಡು ಅಡಿಮೇಲು ಮಾಡಿದ. ಕೈ ಕಿಸೆಗೆ ಹೋಯಿತು.

“ಇದು ಬರೋಬ್ಬರಿ ಇಲ್ಲ. ಸ್ಕ್ರೂ ಎಲ್ಲದ ಇದರದು?”