ಮೋಟ್ರಣ್ಣನ ಗಾರ್ಡು

ಹನೂರಿನಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ಸುದ್ದಿ ಗುಜರಿಯವನಿಗಿಂತ ಮೊದಲು ಮೋಟ್ರಣ್ಣನಿಗೆ ಮುಟ್ಟುತ್ತದೆ. ಹೇಗೆ ಮುಟ್ಟುತ್ತದೋ ಮಾದಪ್ಪನೇ ಬಲ್ಲ. ಸಂಜೆಯೊಳಗೆ ಬಾಗಿಲಲ್ಲಿ ಹಾಜರು. ಸಾವಿನ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ, ‘ಹೋಗಿದ್ದು ಜಾರಾ, ಮೋಟ್ರಾ?’ ಎಂದು ಕೇಳುತ್ತಾನೆ. ಜಾರು ಎಂದಿರೋ, ಮುಖ ಊರಗಲ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೆ ಬೇರೆ ಇದೆ. ಅದು ರೇಷನ್ ಕಾರ್ಡಿನಿಂದ ಆಚೆ ಬಂದಿಲ್ಲ. ಇಂಥವನು ಕೊಳ್ಳೇಗಾಲದಲ್ಲೂ ಒಬ್ಬನಿದ್ದಾನೆ, ಯಳಂದೂರಿನಲ್ಲೂ ಇದ್ದಾನೆ, ನಿಮ್ಮ ಬೀದಿಯಲ್ಲೂ ಇದ್ದಾನು. ನನಗೆ ಪರಿಚಯವಿರುವುದು ಇವನದು.

ದನ ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯೇ ಅವನ ಕಾರ್ಖಾನೆ. ಗೊಂತಿನಲ್ಲಿ ಈಗ ಸಾಲಾಗಿ ಮೋಟ್ರುಗಳು: ಫ್ಯಾನಿನದು, ವಾಷಿಂಗ್ ಮಷಿನ್ನಿನದು, ಬಾವಿಗೆ ಬಿದ್ದು ಎದ್ದ ಪಂಪಿನದು. ಮೊಪೆಡ್ಡಿನ ಚೈನು, ಹಿಟ್ಟಿನ ಗಿರಣಿಯವರು ಬಿಸಾಡಿದ ಬೆಲ್ಟು, ಸೈಕಲ್ ರಿಮ್ಮು ಮೊಳೆಗೆ ನೇತಾಡುತ್ತವೆ. ಅತ್ತೆಯ ಕಬ್ಬಿಣದ ಮಂಚವನ್ನು ಅಡ್ಡ ಕುಯ್ದು, ಅಡಿಗೆ ಪಂಪಿನ ಮೋಟ್ರು ಕಟ್ಟಿ, ನಡುವಿನ ಸೀಳಿನಿಂದ ಹತ್ತಿಂಚಿನ ಗರಗಸದ ಬಿಲ್ಲೆ ಇಣುಕುವಂತೆ ಮಾಡಿದ್ದಾನೆ. ಮಂಚ ಹೋಗಿದ್ದಕ್ಕೆ ಅತ್ತೆ ಏನೂ ಅನ್ನಲಿಲ್ಲ. ಆಕೆ ಈಗ ಮಗನ ಮನೆಯಲ್ಲಿ ಮಲಗುತ್ತಾರೆ.

ನಾನೂ ಒಂದು ಲೆಕ್ಕ ಹಾಕಿದೆ. ಪಂಪಿನ ಮೋಟ್ರು ನಿಮಿಷಕ್ಕೆ ಸುಮಾರು 2,880 ಸುತ್ತು. ಹತ್ತಿಂಚಿನ ಬಿಲ್ಲೆಯ ಹಲ್ಲು ಓಡುವುದು ಗಂಟೆಗೆ ಹತ್ತಿರ ಹತ್ತಿರ 138 ಕಿಲೋಮೀಟರ್ ವೇಗದಲ್ಲಿ. ಹಲಗೆ ಸಿಕ್ಕಿಕೊಂಡರೆ ಬಿಲ್ಲೆ ಅದನ್ನು ಕುಯ್ಯುವುದಿಲ್ಲ, ಎತ್ತಿ ಕುಯ್ಯುವವನ ಹೊಟ್ಟೆಗೆ ಎಸೆಯುತ್ತದೆ. ಇದನ್ನು ಹೇಳಿದರೆ, ‘ಅದ್ಕೇ ನಾ ವಾರೆ ನಿಂತ್ಕತಿನಿ ಮೇಷ್ಟ್ರೇ’ ಎಂದ. ಒಪ್ಪಬೇಕು, ಅಷ್ಟು ತಿಳಿವಳಿಕೆ ಅವನಿಗಿದೆ.

ಕಲ್ಲು ಕುಯ್ಯುವ ಗ್ರೈಂಡರ್ ಕತೆಯೂ ಹೀಗೇ. ನಾಲ್ಕಿಂಚಿನ ಮಷಿನ್ನು, ನಿಮಿಷಕ್ಕೆ 11,000 ಸುತ್ತು. ಅದಕ್ಕೆ ಏಳಿಂಚಿನ ಬಿಲ್ಲೆ ಹಾಕಬೇಕೆನ್ನಿಸಿತು. ತೂತು ದೊಡ್ಡದಾಯಿತು, ವಾಷರ್ ಕಡೆದ. ಗಾರ್ಡು ಅಡ್ಡ ಬಂತು, ಗಾರ್ಡು ಬಿಚ್ಚಿದ. ಬಿಲ್ಲೆಯ ಮೇಲೆ 8,500 ಎಂದು ಅಚ್ಚಾಗಿದೆಯಲ್ಲ, ಅದಕ್ಕಿಂತ ಜೋರಾಗಿ ಸುತ್ತಿದರೆ ಚೂರಾಗಿ ಹಾರುತ್ತದೆ ಕಣಯ್ಯ ಎಂದೆ. ‘ಅದು ರೇಟು ಅನ್ಕಂಡು ಚೌಕಾಸಿ ಮಾಡ್ಬುಟ್ಟೆ’ ಎಂದು ನಕ್ಕ.

ವೈರಿನ ತುದಿಗೆ ಪ್ಲಗ್ಗು ಎಂಬುದು ಅವನ ಕೊಟ್ಟಿಗೆಯಲ್ಲಿ ಇಲ್ಲ. ಸಿಪ್ಪೆ ಸುಲಿದ ಎರಡು ತುದಿಗಳನ್ನು ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸಿದರೆ ಮುಗಿಯಿತು. ಮೂರನೆಯ ತೂತು, ಅಂದರೆ ಅರ್ತು, ಇರುವೆಗಳಿಗೆ ಬಿಟ್ಟದ್ದು. ಫ್ಯೂಸು ಪದೇ ಪದೇ ಹೋಗುತ್ತಿತ್ತೆಂದು ದಪ್ಪ ತಾಮ್ರದ ಎಳೆ ಕಟ್ಟಿದ್ದಾನೆ. ಈಗ ಫ್ಯೂಸು ಹೋಗುವುದಿಲ್ಲ. ಹೋಗಬೇಕಾದರೆ ಮೋಟ್ರಣ್ಣನೇ ಹೋಗಬೇಕು.

ಕರೆಂಟಿನ ಬಗ್ಗೆ ಅವನಿಗೆ ನೆಂಟಸ್ತಿಕೆಯ ಸಲಿಗೆ. ‘ಬೆಂಗ್ಳೂರ್ಗೆ ದೀಪ ಬರಕ್ ಮುಂಚೆನೇ ನಮ್ಮೊಳೆ ಕರೆಂಟು ಕೋಲಾರದ್ ಗಣಿಗ್ ಹೋಗಿತ್ತು, ಗೊತ್ತಾ?’ ಎನ್ನುತ್ತಾನೆ. ಮಾತು ನಿಜ. ಶಿವನಸಮುದ್ರದಿಂದ ಕೋಲಾರಕ್ಕೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿಗೆ ದೀಪ ಹತ್ತಿದ್ದು 1905ರಲ್ಲಿ. ಆದರೆ ಪವರ್‌ಹೌಸು ಇರುವುದು ಹೊಳೆಯ ಆಚೆ ಮಳವಳ್ಳಿ ಕಡೆ. ನಾವು ಆಗ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿದ್ದೆವು, 1956ರವರೆಗೂ. ಮೇಷ್ಟರ ಚಟ, ತಿದ್ದಿದೆ. ‘ಕರೆಂಟ್ಗೆ ಆಚ ಈಚ ಎಲ್ಲದ ಬುಡಿ’ ಎಂದ. ಉತ್ತರ ಹೊಳೆಯಲಿಲ್ಲ.

ಹಾಗೆಂದು ಅವನನ್ನು ಹುಚ್ಚನೆಂದು ತಳ್ಳಿಬಿಡಲೂ ಆಗುವುದಿಲ್ಲ. ಮುಸುಕಿನ ಜೋಳದ ಕಾಳು ಬಿಡಿಸಿ ಬಿಡಿಸಿ ಹೆಂಡತಿಯ ಹೆಬ್ಬೆರಳು ಬೊಬ್ಬೆ ಎದ್ದಿದ್ದನ್ನು ನೋಡಿ ಒಂದು ರಾತ್ರಿ ಎದ್ದು ಕೂತವನು, ತಗಡಿನ ಡ್ರಮ್ಮಿಗೆ ಬೋಲ್ಟು ಬೆಸೆದು ನಾಲ್ಕೇ ದಿನದಲ್ಲಿ ಯಂತ್ರ ನಿಲ್ಲಿಸಿದ. ಅಂಗಡಿಯ ಯಂತ್ರ ಕೆಟ್ಟರೆ ಕೊಳ್ಳೇಗಾಲಕ್ಕೆ ಹೊರಬೇಕು, ಅಲ್ಲಿಯವನು ಪಾರ್ಟು ಮೈಸೂರಿಂದ ಬರಬೇಕು ಎನ್ನುತ್ತಾನೆ. ಇದು ಕೆಟ್ಟರೆ ಇವನೇ ಎರಡು ಏಟು ಹಾಕುತ್ತಾನೆ, ಓಡುತ್ತದೆ. ಪ್ರಾರಂಭೋತ್ಸವಕ್ಕೆ ಬೀದಿಯೇ ಸೇರಿತ್ತು. ಊದುಬತ್ತಿ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಎಲ್ಲರನ್ನೂ ಗೋಡೆಯ ಹಿಂದೆ ನಿಲ್ಲಿಸಿ, ಉದ್ದನೆಯ ಬಿದಿರುಕೋಲಿನಿಂದ ಸ್ವಿಚ್ಚು ಒತ್ತಿದ. ಅವನು ಕೈಗೊಂಡದ್ದನ್ನು ನಾನು ಕಣ್ಣಾರೆ ಕಂಡ ಸುರಕ್ಷತಾ ಕ್ರಮ ಅದೊಂದೇ. ಕಾಳು ಗೋಣಿಗೆ ಬಿತ್ತು. ದಿಂಡುಗಳು ಎದುರುಮನೆಯ ಹೆಂಚಿಗೆ ಬಿದ್ದವು. ಆದರೂ ಮಾರನೆಯ ದಿನ ಜೋಳದ ಮೂಟೆ ಹೊತ್ತವರ ಸಾಲಿನಲ್ಲಿ ಎದುರುಮನೆಯವನೇ ಮೊದಲಿಗ.

ಕಾಳು ತಿರುವುವ ಕಡೆ ಒಂದು ತಗಡಿನ ಗಾರ್ಡು ಹಾಕಪ್ಪ ಎಂದರೆ, ‘ನಾಳ ಹಾಕ್ತಿನಿ’. ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ಕೈ ಕಳೆದುಕೊಳ್ಳುವವರು ಹೆಚ್ಚಿ, ದೆಹಲಿಯವರು 1983ರಲ್ಲೇ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆ ಕಾಯ್ದೆ ಮಾಡಿದ್ದಾರೆ ಎಂದೆ. ‘ಅದ್ರಲ್ ನನ್ನೆಸ್ರು ಅದಾ?’ ಎಂದು ಕೇಳಿದ.

ಅವನ ಎಡಗೈ ತೋರುಬೆರಳು ಮೇಲಿನ ಗೆಣ್ಣಿಗೇ ಮುಗಿಯುತ್ತದೆ. ಅದನ್ನು ತೋರಿಸಿ ಬುದ್ಧಿ ಹೇಳಲು ಹೋದೆ. ಅವನು ಅದೇ ಬೆರಳನ್ನು ನನ್ನ ಮುಂದೆ ಆಡಿಸಿ, ‘ಇದು ಗಾರ್ಡ್ ಇಲ್ದೆ ಹೋಗಿದ್ದಲ್ಲ ಮೇಷ್ಟ್ರೇ. ಗಾರ್ಡ್ ಹಾಕಕ್ ಹೋಗಿ ಹೋಗಿದ್ದು’ ಎಂದ. ಮೋಟ್ರು ಆರಿಸದೆ ಗಾರ್ಡು ಕೂರಿಸಲು ಹೊರಟಿದ್ದನಂತೆ. ಅವತ್ತಿನಿಂದ ಗಾರ್ಡೆಂದರೆ ಅವನಿಗೆ ಭಯ.

ಕೊಟ್ಟಿಗೆಯ ಗೋಡೆಗೆ ಪೇಪರಿನ ಚೂರೊಂದನ್ನು ಅಂಟಿಸಿದ್ದಾನೆ: ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್, 2022ರ ಪದ್ಮಶ್ರೀ. ಹುಣಸೆಹಣ್ಣಿನಿಂದ ಬೀಜ ಬೇರೆ ಮಾಡುವ ಯಂತ್ರ ಕಂಡುಹಿಡಿದವರು. ‘ಬೆಟ್ಟದ್ ಸುತ್ತ ನಮ್ಗೂ ಹುಣ್ಸೆ ಮರ ಅವಲ್ಲ, ಮುಂದಿನ್ ಪದ್ಮಶ್ರೀ ಇಲ್ಗೇ’ ಎಂದು ಎದೆ ಉಬ್ಬಿಸಿದ. ಒಳಗಿನಿಂದ ಹೆಂಡತಿ, ‘ಇಸ್ಕಳಕ್ಕೆ ಕೈ ಇರ್ಬೇಕಲ್ಲ!’ ಎಂದರು.

ಕಳೆದ ಯುಗಾದಿಯ ಹಿಂದಿನ ದಿನ ನಮ್ಮ ಮನೆಯ ಮಿಕ್ಸಿಯೂ ಕೆಟ್ಟಿತು. ಗುಟ್ಟಾಗಿ ಅಟ್ಟಕ್ಕೆ ಹಾಕಿದೆವು. ಸಂಜೆಗೆ ಬಂದ, ಮಾತಿನಲ್ಲೇ ಇಳಿಸಿಕೊಂಡು ಹೋದ. ಎಂಟು ದಿನಕ್ಕೆ ಅದು ಕಾಯಿ ತುರಿಯುವ ಯಂತ್ರವಾಗಿ ಮರಳಿತು. ಮಿಕ್ಸಿಯ ಮೋಟ್ರಿನ ವೇಗವೆಂದರೆ ಕೇಳಬೇಕೆ. ಒಂದು ಹೋಳು ಕಣ್ಣುಮುಚ್ಚಿ ತೆಗೆಯುವುದರೊಳಗೆ ತುರಿದುಹೋಯಿತು. ತುರಿ ಮಾತ್ರ ಗೋಡೆಯ ಮೇಲೆ, ಕ್ಯಾಲೆಂಡರಿನ ಮೇಲೆ, ನನ್ನ ಕನ್ನಡಕದ ಮೇಲೆ. ನನ್ನಾಕೆ ಗೋಡೆಯಿಂದಲೇ ಬಳಿದು ಚಟ್ನಿ ಮಾಡಿದಳು. ಇಷ್ಟು ನುಣ್ಣನೆಯ ತುರಿ ಕಂಡಿಲ್ಲವೆಂದು ಹೊಗಳಿದಳು ಕೂಡ. ‘ಗಾರ್ಡು ನಾಳ ತತ್ತಿನಿ’ ಎಂದು ಹೇಳಿ ಹೋದ.

ಗಾರ್ಡು ಬರಲಿಲ್ಲ. ಮೊಮ್ಮಕ್ಕಳು ಬರುವವರಿದ್ದರು. ನಾನೇ ಕತ್ತರಿ ತೆಗೆದುಕೊಂಡು ವೈರನ್ನು ಬುಡಕ್ಕೆ ಕತ್ತರಿಸಿ, ಯಂತ್ರವನ್ನು ಮತ್ತೆ ಅಟ್ಟಕ್ಕೆ ಏರಿಸಿದೆ. ಸಂಜೆ ಮೋಟ್ರಣ್ಣ ಬಂದು, ಕತ್ತರಿಸಿದ ವೈರನ್ನು ಸುತ್ತಿಕೊಂಡು ಹೋದ.