ಡೀಸೆಲ್ ಕಾರು, ಹಳೆಯದೋ ಹೊಸದೋ: ಬಳಕೆದಾರರ ಕೈಪಿಡಿ

ಕಾರು ಕೊಳ್ಳುವ ಮೊದಲು ಈ ಕೈಪಿಡಿ ಓದಿ. ಆಗಲೇ ಅಡ್ವಾನ್ಸ್ ಕೊಟ್ಟು ಬಂದವರು ನೇರವಾಗಿ ಕೊನೆಯ ‘ತೊಂದರೆ ನಿವಾರಣೆ’ ಭಾಗಕ್ಕೆ ಹೋಗಬಹುದು. ನಡುವಿನ ಪುಟಗಳು ಅವರಿಗೆ ಸುಮ್ಮನೆ ಹೊಟ್ಟೆ ಉರಿಸುತ್ತವೆ.

ಬೇಕಾಗುವ ಸಾಮಗ್ರಿ

ಒಂದು ಹಾಳೆ, ಪೆನ್ನು, ಟಾರ್ಚು, ಹಳೇ ಬಟ್ಟೆ ಚೂರು, ಪರಿಚಯದ ಮೆಕ್ಯಾನಿಕ್ಕು. ಭಾವಮೈದುನ ಬೇಡವೆಂದರೂ ಬರುತ್ತಾನೆ, ಆದ್ದರಿಂದ ಪಟ್ಟಿಯಲ್ಲಿ ಸೇರಿಸಿಲ್ಲ.

ಮೊದಲ ಹಂತ: ಓಡಾಟ ಬರೆಯುವುದು

ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೀರಿ ಎಂದು ಹಾಳೆಯಲ್ಲಿ ಬರೆಯಿರಿ. ಬಳಕೆದಾರರು ಸಾಮಾನ್ಯವಾಗಿ ಬರೆಯುವುದು ಹೀಗೆ: ತಿಂಗಳಿಗೆರಡು ಸಲ ಊರಿಗೆ, ಬೇಸಿಗೆಯಲ್ಲಿ ಗೋವಾ, ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಮಳೆಗಾಲಕ್ಕೊಮ್ಮೆ ಆಗುಂಬೆ. ಬರೆದದ್ದನ್ನು ಹೊಡೆದುಹಾಕಿ. ಹೋಗಬೇಕು ಅಂದುಕೊಂಡಿದ್ದನ್ನು ಬಿಟ್ಟು, ಕಳೆದ ವರ್ಷ ನಿಜಕ್ಕೂ ಹೋದದ್ದನ್ನು ಮಾತ್ರ ಮತ್ತೆ ಬರೆಯಿರಿ. ರಾಜಹಂಸ ಬಸ್ಸಿನಲ್ಲಿ ಹೋದದ್ದು ಲೆಕ್ಕಕ್ಕಿಲ್ಲ. ಈಗ ಉಳಿಯುವುದು ಆಫೀಸು, ಮಕ್ಕಳ ಟ್ಯೂಷನ್ನು, ಮೂರು ಮದುವೆ, ಒಂದು ಗೃಹಪ್ರವೇಶ.

ಇನ್ನು ಕೂಡಿಸಿ, ಭಾಗಿಸಿ. 2025ರಲ್ಲಿ ಬೆಂಗಳೂರಲ್ಲಿ ಪೆಟ್ರೋಲು ಲೀಟರಿಗೆ 103 ರೂಪಾಯಿಯ ಹತ್ತಿರ ಇದ್ದಾಗ ಡೀಸೆಲ್ಲು 91ರ ಹತ್ತಿರ ಇತ್ತು. ಪೆಟ್ರೋಲ್ ಗಾಡಿ 14 ಮೈಲೇಜು, ಡೀಸೆಲ್ ಗಾಡಿ 18 ಕೊಡುತ್ತದೆ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 30 ಪೈಸೆ. ಅದೇ ಮಾದರಿಯ ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು ತೆತ್ತಿದ್ದರೆ ಆ ದುಡ್ಡು ತಿರುಗಿ ಕೈಗೆ ಬರಲು 65,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 8,000 ಓಡಿಸುವವರಿಗೆ ಎಂಟು ವರ್ಷ. ಅಷ್ಟರಲ್ಲಿ ಟ್ಯೂಷನ್ನಿಗೆ ಹೋಗುತ್ತಿದ್ದ ಹುಡುಗ ತಾನೇ ಗಾಡಿ ಕೇಳುತ್ತಿರುತ್ತಾನೆ.

ಡೀಸೆಲ್ ಅಂದರೆ ಅಗ್ಗ ಎಂಬ ನಂಬಿಕೆ 2012ರದ್ದು. ಆಗ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿ ಆಸುಪಾಸಿನ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರವನ್ನೂ ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು. ಅಂತರ ಕರಗಿದರೂ ಮಾವಂದಿರ ಸಲಹೆ ಮಾತ್ರ ಹಳೇ ದರದಲ್ಲೇ ಸಿಗುತ್ತಿದೆ.

ಹಾಳೆಯ ಮೊತ್ತ 12,000 ದಾಟದಿದ್ದರೆ ಈ ಕೈಪಿಡಿಯನ್ನು ಮಡಚಿಟ್ಟು ಪೆಟ್ರೋಲ್ ಗಾಡಿ ನೋಡಿ. ಯಾರೂ ಮಡಚಿಡುವುದಿಲ್ಲ ಎಂದು ಗೊತ್ತಿರುವುದರಿಂದ ಮುಂದಿನ ಪುಟಗಳನ್ನೂ ಅಚ್ಚು ಹಾಕಲಾಗಿದೆ.

ಎರಡನೆಯ ಹಂತ: ಹೊಸದು

ಶೋರೂಮಿನಲ್ಲಿ ಮೊದಲು ಕಾಫಿ ಕೊಡುತ್ತಾರೆ. ಕುಡಿಯಿರಿ, ಅದರ ದುಡ್ಡು ಬಿಲ್ಲಿನಲ್ಲಿ ಇನ್ನೊಂದು ಹೆಸರಿನಲ್ಲಿ ಬರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಕಡ್ಡಾಯವಾದಾಗ ಮಾರುತಿ, ರೆನೋ, ಫೋಕ್ಸ್‌ವ್ಯಾಗನ್ ಡೀಸೆಲ್ ಸಹವಾಸವೇ ಸಾಕೆಂದು ಕೈತೊಳೆದುಕೊಂಡವು, ಹೋಂಡಾ 2023ರಲ್ಲಿ. ಸ್ವಿಫ್ಟು, ಡಿಜೈರು, ಪುಂಟೋ, ಇಂಡಿಕಾ ವಿಸ್ಟಾ ಎಲ್ಲದರ ಬಾನೆಟ್ಟಿನಡಿ ಗೊರಗುಟ್ಟುತ್ತಿದ್ದ ಫಿಯೆಟ್‌ನ 1248 ಸಿಸಿ ಎಂಜಿನ್ನೂ ಆಗಲೇ ಹೋಯಿತು. ಹಾಗಾಗಿ ಹೊಸದರಲ್ಲಿ ಆಯ್ಕೆ ಕಡಿಮೆ, ತಲೆನೋವೂ ಕಡಿಮೆ.

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದ, 1500 ಸಿಸಿ ಮೀರದ ಡೀಸೆಲ್ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಖುಷಿಪಡಲು ಎಕ್ಸ್ ಶೋರೂಂ ಬೆಲೆಯ ಸಾಲಿನಲ್ಲೇ ಕಣ್ಣು ನಿಲ್ಲಿಸಿ. ಕೆಳಗಿನ ಸಾಲು ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್: ಹತ್ತು ಲಕ್ಷ ದಾಟಿದರೆ ಶೇ. 17, ಅದರ ಮೇಲೆ ಸೆಸ್ಸು.

ಹೊಸ ಡೀಸೆಲ್ಲಿನ ಮುಖ್ಯ ಅಂಗ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಹೆಸರು ಡಿಪಿಎಫ್. ಹೊಗೆಯ ಮಸಿಯನ್ನು ಹಿಡಿದಿಡುವ ಜಾಲರಿ ಅದು. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಜಾಲರಿ 600 ಡಿಗ್ರಿ ಆಸುಪಾಸು ಕಾಯಬೇಕು, ಅಂದರೆ ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾಯುವುದು ಚಾಲಕ ಮಾತ್ರ. ಸಕಲೇಶಪುರದ ತೋಟದಿಂದ ಹಾಸನಕ್ಕೆ ದಿನಾ ಹೋಗಿಬರುವವರಿಗೆ ಹೊಸ ಡೀಸೆಲ್ಲು ಕಣ್ಣುಮುಚ್ಚಿ ಕೊಡಬಹುದಾದ ಗಾಡಿ. ಜಯನಗರದ ನಾಲ್ಕನೇ ಬ್ಲಾಕಿಗೆ ತರಕಾರಿಗೆ ಹೋಗುವವರು ತರಕಾರಿಗೆ ನಡೆದೇ ಹೋಗುವುದು ಜಾಲರಿಗೆ ಒಳ್ಳೆಯದು.

ಮೂರನೆಯ ಹಂತ: ಹಳೆಯದು

ಇಲ್ಲಿ ನಿಧಾನ. ಬ್ರೋಕರ್ ಮೊದಲು ಹೇಳುವ ಮಾತು: “ಡಾಕ್ಟ್ರ ಗಾಡಿ ಸಾರ್, ಸಿಂಗಲ್ ಓನರ್, ಮನೆಯಿಂದ ಕ್ಲಿನಿಕ್ಕಿಗೆ ಅಷ್ಟೇ.” ಈ ರಾಜ್ಯದ ಡಾಕ್ಟರುಗಳು ಇಷ್ಟು ಕಾರು ಕೊಂಡು, ಇಷ್ಟು ಕಡಿಮೆ ಓಡಿಸಿ, ಇಷ್ಟು ಬೇಗ ಮಾರುವುದೇಕೆ ಎಂದು ಕೇಳಬೇಡಿ. ಮಾತು ನಡೆಯುತ್ತಿರುವಾಗ ಸುಮ್ಮನೆ ಒರಗಿದವರಂತೆ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ನಾಳೆ ಬೆಳಗ್ಗೆ ಬರುತ್ತೇನೆ ಅನ್ನಿ. ಡೀಸೆಲ್ಲಿನ ಗುಣ ತಣ್ಣಗಿದ್ದಾಗಲೇ ಗೊತ್ತಾಗುವುದು.

ಬೆಳಗ್ಗೆ ಸ್ಟಾರ್ಟ್ ಮಾಡಿಸಿ ಹಿಂದೆ ನಿಲ್ಲಿ. ಬಿಳಿ ಹೊಗೆ ನಿಲ್ಲದೇ ಬಂದರೆ ಇಂಜೆಕ್ಟರ್ ಮೇಲೆ ಅನುಮಾನ, ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಆಮೇಲೆ ಬಟ್ಟೆ ಚೂರು ಹಿಡಿದು, ಎಂಜಿನ್ನು ಐಡಲ್‌ನಲ್ಲಿ ಓಡುತ್ತಿರುವಾಗಲೇ ಆಯಿಲ್ ಮುಚ್ಚಳವನ್ನು ಮೆಲ್ಲನೆ ಬಿಚ್ಚಿ. ಅಲ್ಲಿಂದ ಇಡ್ಲಿ ಪಾತ್ರೆಯ ಹಬೆಯಂತೆ ಹೊಗೆ ಬುಸುಗುಟ್ಟಿದರೆ ಮೆಕ್ಯಾನಿಕ್ಕು “ಬ್ಯಾಕ್ ಕಂಪ್ರೆಷನ್” ಎಂದು ಒಂದೇ ಮಾತು ಹೇಳಿ ಬೈಕ್ ಹತ್ತುತ್ತಾನೆ. ನೀವೂ ಹಿಂದೆ ಹತ್ತಿ. ಟರ್ಬೊ ಸಣ್ಣಗೆ ಶಿಳ್ಳೆ ಹಾಕಿದರೆ ಪರವಾಗಿಲ್ಲ, ಕಿರುಚಿದರೆ ಬೇಡ.

ಮೀಟರ್ ನಂಬಬೇಡಿ. ಮೀಟರ್ ಹಿಂದಕ್ಕೆ ತಿರುಗಿಸಿದವರು ಕ್ಲಚ್ ಪೆಡಲಿನ ರಬ್ಬರ್ ಬದಲಿಸುವುದನ್ನು ಮರೆತಿರುತ್ತಾರೆ. 38,000 ಕಿಲೋಮೀಟರಿಗೆ ರಬ್ಬರಿನ ಗೆರೆ ಸವೆದು ನುಣ್ಣಗಾಗಿದ್ದರೆ ಡಾಕ್ಟರು ಕ್ಲಿನಿಕ್ಕಿಗೆ ಮುಂಬೈ ಮೇಲೆ ಹೋಗುತ್ತಿದ್ದರು. ಟೈರಿನ ಪಕ್ಕ ನಾಲ್ಕಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರು ಕುಡಿದಿದೆ; 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರಿನ ಕಡೆ ಕಾರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದಾರೆ, ಅವು ಆಮೇಲೆ ಎಲ್ಲಿಗೆ ಹೋದವು ಎಂದು ಯಾರೂ ಕೇಳಿಲ್ಲ. ಕೆಎ-19, ಕೆಎ-20 ನಂಬರಾದರೆ ಸ್ಟೆಪ್ನಿ ಎತ್ತಿ ಟಾರ್ಚು ಬಿಡಿ. ಮಂಗಳೂರು, ಉಡುಪಿಯ ಉಪ್ಪುಗಾಳಿ ತಳದಿಂದ ತಿನ್ನುತ್ತಾ ಬರುತ್ತದೆ, ಮೇಲಿನ ಪಾಲಿಶು ಅದನ್ನು ಹೇಳುವುದಿಲ್ಲ.

ಇನ್ನು ಡಿಎಲ್ ನಂಬರಿನ ಗಾಡಿ. ದಿಲ್ಲಿಯಲ್ಲಿ 10 ವರ್ಷ ತುಂಬಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿ, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿನ ದೊಡ್ಡ ದೊಡ್ಡ ಗಾಡಿಗಳು ಚಿಕ್ಕ ಬೆಲೆಗೆ ದಕ್ಷಿಣಕ್ಕೆ ಇಳಿಯತೊಡಗಿದವು. ಬೆಲೆ ಕೇಳಿದ ಕೂಡಲೇ ಬಾಯಲ್ಲಿ ನೀರೂರಿದರೆ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸು, ಹೊಸ ನಂಬರಿಗಾಗಿ ಆರ್‌ಟಿಒ ಕಚೇರಿಯ ಬೆಂಚು, ಈ ಮೂರನ್ನೂ ನೆನೆಸಿಕೊಳ್ಳಿ. ನೀರು ತಾನಾಗಿ ಇಂಗುತ್ತದೆ.

ಇಷ್ಟೆಲ್ಲ ಹೇಳಿಯೂ ಒಂದು ಮಾತು: ಕಡಿಮೆ ಓಡಾಟವಿದ್ದೂ ಡೀಸೆಲ್ಲೇ ಬೇಕು ಎಂದು ಹಟ ಹಿಡಿದವರಿಗೆ ಒಳ್ಳೆಯ ಬಿಎಸ್4 ಗಾಡಿಯೇ ಹೊಂದುತ್ತದೆ. ಸಣ್ಣ ಕಾರಾದರೆ ಅದರಲ್ಲಿ ಸಾಮಾನ್ಯವಾಗಿ ಜಾಲರಿಯೇ ಇಲ್ಲ, ನಿಮ್ಮ ಸೋಮಾರಿತನವನ್ನು ಅದು ಕ್ಷಮಿಸುತ್ತದೆ. ನೋಂದಣಿಯ 15 ವರ್ಷದಲ್ಲಿ ಎಷ್ಟು ಉಳಿದಿದೆ ಎಂದು ಮಾತ್ರ ನೋಡಿ.

ಕಾಗದ

ಫಾರಂ 29, 30. ಸಾಲವಿದ್ದರೆ 35. ಹಳೇ ಚಲನ್ ಬಾಕಿ. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿ. ನೋ ಕ್ಲೇಮ್ ಬೋನಸ್ ಮಾರಿದವರ ಜೊತೆ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ.

ತೊಂದರೆ ನಿವಾರಣೆ

ಹಳೇ ಗಾಡಿ ಕೊಂಡ ಮೇಲೆ ಪಕ್ಕದ ಮನೆಯವರು “ನಮಗೆ ಹೇಳಿದ್ರೆ ಇದಕ್ಕಿಂತ ಕಡಿಮೆಗೆ ಕೊಡಿಸ್ತಿದ್ವಿ” ಅಂದರೆ: ರಿಪೇರಿ ಸಾಧ್ಯವಿಲ್ಲ.

ಹೊಸ ಗಾಡಿಯಲ್ಲಿ ಡಿಪಿಎಫ್ ದೀಪ ಹಳದಿಯಾಗಿ ಉರಿದರೆ: ಮನೆಯವರನ್ನೂ ಕೂರಿಸಿಕೊಂಡು ಭಾನುವಾರ ಬೆಳಗ್ಗೆ ತುಮಕೂರು ರಸ್ತೆ ಹಿಡಿಯಿರಿ. ಟೋಲ್ ಕಟ್ಟಿ, ಟಾಪ್ ಗೇರಿಗಿಂತ ಒಂದು ಕೆಳಗಿಟ್ಟು, ದೀಪ ಆರುವವರೆಗೆ ಎಲ್ಲೂ ನಿಲ್ಲಿಸದೆ ಓಡಿಸಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ದೀಪ ಆರಿದ ಮೇಲೆ. ಟೋಲ್ ರಸೀದಿಗಳನ್ನು ಸರ್ವಿಸ್ ಬಿಲ್ಲಿನ ಜೊತೆ ಜೋಪಾನವಾಗಿಡಿ; ಮಾರುವಾಗ “ಪೂರ್ತಿ ಹೈವೇ ರನ್ನಿಂಗ್ ಗಾಡಿ” ಎನ್ನಲು ದಾಖಲೆ ಬೇಕಾಗುತ್ತದೆ.