ಗೇಟಿನಾಚೆಯ ಭರತಮುನಿ: ‘ಆಲ್ಬಂ ಸಾಂಗ್’ ಎಂಬ ಉಪರೂಪಕದ ಲಕ್ಷಣ ಮೀಮಾಂಸೆ

ಭರತಮುನಿಯ ನಾಟ್ಯಶಾಸ್ತ್ರಕ್ಕೆ ಅಭಿನವಗುಪ್ತನಂಥ ಘನವಿದ್ವಾಂಸರು ವ್ಯಾಖ್ಯಾನ ಬರೆದರು. ಆದರೆ ಬೆಂಗಳೂರಿನ ಹೊರವಲಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಮಕ್ಕಳು ತೆಗೆಯುವ ‘ಆಲ್ಬಂ ಸಾಂಗ್’ ಬಗ್ಗೆ ಅವರೆಲ್ಲ ಒಮ್ಮತದಿಂದ ಮೌನ ತಾಳಿದ್ದಾರೆ. ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

1. ಲಕ್ಷಣ

ನಾಲ್ಕು ನಿಮಿಷದ ಹಾಡು, ಎರವಲು ಬೈಕು, ಕೂಲಿಂಗ್ ಗ್ಲಾಸ್ ಹಾಕಿದ ಭಗ್ನಪ್ರೇಮಿ: ಇವು ಕೂಡಿದರೆ ಆಲ್ಬಂ ಸಾಂಗ್. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತೆಗೆಯಲು ತಂಡ ಕೊಲ್ಹಾಪುರದ ಸ್ಟುಡಿಯೋಗೆ ಹೋಗಬೇಕಾಯಿತು. ಈಗ ಸ್ಟುಡಿಯೋ ಜೇಬಿನಲ್ಲೇ ಇದೆ. ನಿಂತು ಹಾಡಲು ಮಾತ್ರ ಜಾಗವಿಲ್ಲ. ಪ್ರಬಂಧದ ವಾದ ಇಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಪಾಂಡಿತ್ಯ.

2. ರಂಗವಿಚಾರ

ಭರತನು ನಾಟ್ಯಗೃಹಕ್ಕೆ ವಿಕೃಷ್ಟ, ಚತುರಸ್ರ, ತ್ರ್ಯಸ್ರವೆಂದು ಮೂರು ಆಕಾರ ಹೇಳಿದ. ನಮ್ಮಲ್ಲಿಯೂ ಪಂಥಗಳು ಮೂರೇ.

ಪೀಣ್ಯ ಪಂಥದ್ದು ರೌದ್ರರಸ. ಭಾನುವಾರ ಕಾರ್ಖಾನೆಗಳ ಶಟರ್ ಇಳಿದಿರುತ್ತದೆ. ಅದರ ಮುಂದೆ ಹುಡ್ಡಿ ಹಾಕಿ ನಿಂತು ರ‍್ಯಾಪ್ ಹೇಳುವುದು ವಿಧಿ. 2014ರ ಮಾರ್ಚ್ 1ರಿಂದ ಇಲ್ಲಿ ತಲೆಯ ಮೇಲೆ ಮೆಟ್ರೋ ಓಡುತ್ತಿದ್ದು, ಕಂಬಗಳ ಸಾಲು ‘ಸಿನಿಮಾಟಿಕ್’ ಆಗಿ ಬರುತ್ತದೆಂದು ಕ್ಯಾಮೆರಾ ಹಿಡಿದವರ ಮತ.

ವೈಟ್‌ಫೀಲ್ಡ್ ಪಂಥದ್ದು ವಿಪ್ರಲಂಭ ಶೃಂಗಾರ. 1882ರ ಹೊತ್ತಿಗೆ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಹುಟ್ಟಿದ ಈ ಊರಿನಲ್ಲಿ ಪ್ರೇಮಿಗಳನ್ನು ಅಗಲಿಸಲು ಖಳನಾಯಕ ಬೇಕಿಲ್ಲ. ನಾಯಕಿ ಹೂಡಿಯಲ್ಲಿ, ನಾಯಕ ಮಾರತಹಳ್ಳಿಯಲ್ಲಿ, ಸಮಯ ಸಂಜೆ ಆರು, ಅಷ್ಟು ಸಾಕು. ಅಷ್ಟನಾಯಿಕೆಯರ ಪೈಕಿ ಅಭಿಸಾರಿಕೆ ಮಾತ್ರ ಇಲ್ಲಿ ಅಲಭ್ಯ. ರಾತ್ರಿ ಹತ್ತಕ್ಕೆ ಪಿಜಿ ಗೇಟು ಹಾಕುತ್ತಾರೆ.

ಎಲೆಕ್ಟ್ರಾನಿಕ್ ಸಿಟಿ ಪಂಥದ್ದು ಅದ್ಭುತರಸ. ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಸರ್ಕಾರಿ ಸ್ವಾಮ್ಯದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಟ್ಟಿದ ಈ ನಗರಿಯಲ್ಲಿ ಇಂದು ಗೋಡೆಗಿಂತ ಗಾಜು ಹೆಚ್ಚು. ನಾಯಕ ಎಲ್ಲಿ ನಿಂತರೂ ಹಿಂದಿನ ಗಾಜಿನಲ್ಲಿ ಕ್ಯಾಮೆರಾ ಹಿಡಿದವನು, ಥರ್ಮೋಕೋಲ್ ಹಿಡಿದವನು, ಬಿರಿಯಾನಿ ಪೊಟ್ಟಣ ಕಾಯುತ್ತಿರುವವನು ಮೂವರೂ ಬೀಳುತ್ತಾರೆ.

3. ಅಭಿನಯ

ವಾಚಿಕಾಭಿನಯದಲ್ಲಿ ಒಂದು ಗೂಢವಿದೆ. ಸ್ಲೋಮೋಷನ್‌ನಲ್ಲಿ ತುಟಿ ಹಾಡಿಗೆ ಕೂಡಬೇಕಾದರೆ ಸೆಕೆಂಡಿಗೆ 50 ಫ್ರೇಮಿನಂತೆ ತೆಗೆದು 25ರಲ್ಲಿ ಓಡಿಸಬೇಕು. ಚಿತ್ರೀಕರಣದಲ್ಲಿ ಹಾಡು ದುಪ್ಪಟ್ಟು ವೇಗದಲ್ಲಿ ಮೊಳಗಬೇಕು. ತೆರೆಯ ಮೇಲೆ ಗಂಭೀರವಾಗಿ ಅಳುವ ನಾಯಕ ಫ್ಲೈಓವರ್ ಕೆಳಗೆ ಕೀಚಲು ದನಿಗೆ ಅವಸರ ಅವಸರವಾಗಿ ಅತ್ತಿರುತ್ತಾನೆ. ಟೀ ಅಂಗಡಿಯವರು ಹಾಸ್ಯರಸವನ್ನೂ ಪ್ರೇಕ್ಷಕರು ಕರುಣರಸವನ್ನೂ ಒಂದೇ ಶಾಟಿನಿಂದ ಪಡೆಯುವ ಈ ಚಮತ್ಕಾರ ಭರತನಿಗೂ ಹೊಳೆದಿರಲಿಲ್ಲ.

ಸಾತ್ವಿಕಾಭಿನಯಕ್ಕೆ ತರಬೇತಿ ಬೇಡ. ಗಾಜಿನ ಕಟ್ಟಡದ ಗೇಟು ಕಾಯುವ ಗಾರ್ಡ್ ವಿಷಲ್ ಊದಿದೊಡನೆ ಸ್ತಂಭ, ಸ್ವೇದ, ವೈವರ್ಣ್ಯ ಮೂರೂ ಒಟ್ಟಿಗೇ ಸಿದ್ಧಿಸುತ್ತವೆ.

4. ವಿಘ್ನವಿಚಾರ

ಇಂದ್ರಧ್ವಜದ ಉತ್ಸವದಲ್ಲಿ ಮೊದಲ ನಾಟ್ಯಪ್ರಯೋಗ ನಡೆದಾಗ, ದೈತ್ಯರ ಸೋಲನ್ನು ತೋರಿಸಿದ್ದಕ್ಕೆ ಮುನಿದ ವಿಘ್ನಗಳು ನಟರ ಮಾತು, ಚಲನೆ, ನೆನಪುಗಳನ್ನು ಕಟ್ಟಿಹಾಕಿದವಂತೆ. ಇಂದ್ರ ಧ್ವಜದ ಕೋಲಿನಿಂದ ಅವನ್ನು ಬಡಿದ. ಆ ಕೋಲೇ ಜರ್ಜರ. ಹೊರವಲಯದಲ್ಲಿ ಜರ್ಜರವು ಗಾರ್ಡಿನ ಕೈಯಲ್ಲಿದೆ. ನಟರ ಬಳಿ ಇರುವುದು ಸೆಲ್ಫಿ ಸ್ಟಿಕ್.

“ಇಲ್ಲಿ ಶೂಟಿಂಗ್ ಮಾಡಂಗಿಲ್ಲ.”

“ಅಣ್ಣಾ, ಒಂದೇ ಶಾಟ್ ಅಣ್ಣಾ. ಕಾಲೇಜ್ ಪ್ರಾಜೆಕ್ಟು.”

“ಮೇಲಿಂದ ಆರ್ಡರ್ ಐತೆ. ಸಿಸಿಟಿವೀಲಿ ನೋಡ್ತಿರ್ತಾರೆ.”

ಗಮನಿಸಿ: ಆ ಆವರಣದಲ್ಲಿ ಚಿತ್ರೀಕರಣ ನಿಷಿದ್ಧವಲ್ಲ, ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತಿದೆ. ಹಾಡು ಸೇರಿಸುವುದಷ್ಟೇ ನಿಷಿದ್ಧ.

ಪೂರ್ವಪಕ್ಷ: ಅನುಮತಿ ಪತ್ರ ತರಬಹುದಲ್ಲ? ಸಿದ್ಧಾಂತ: ತರಬಹುದು. ಎಚ್‌ಒಡಿ ಸಹಿ ಹಾಕಿದ ಪತ್ರ ರಿಸೆಪ್ಶನ್‌ನಿಂದ ಅಡ್ಮಿನ್‌ಗೆ, ಅಡ್ಮಿನ್‌ನಿಂದ ಎಚ್‌ಆರ್‌ಗೆ, ಅಲ್ಲಿಂದ ಕಡಲಾಚೆಯ ಹೆಡ್ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ನಾಯಕನ ಬ್ಯಾಕ್‌ಲಾಗ್‌ಗಳೂ ಮುಗಿದಿರುತ್ತವೆ.

ಆದ್ದರಿಂದ ಶಾಸ್ತ್ರದ ಎರಡನೆಯ ಉಪಾಯವೇ ಗತಿ. ದಂಡದಿಂದ ಕೆಲಸ ಕೆಟ್ಟಾಗ ಬ್ರಹ್ಮನು ಸಾಮಕ್ಕಿಳಿದು, ನಾಟ್ಯವು ದೇವತೆಗಳದ್ದಷ್ಟೇ ಅಲ್ಲ, ನಿಮ್ಮದೂ ಹೌದು ಎಂದು ದೈತ್ಯರನ್ನು ಸಮಾಧಾನಪಡಿಸಿದ. ಮಕ್ಕಳೂ ಹಾಗೇ ಮಾಡುತ್ತಾರೆ: “ಅಣ್ಣಾ, ನೀವೂ ಒಂದ್ ಶಾಟಲ್ಲಿ ಬನ್ನಿ.” ಗಾರ್ಡ್ ಟೋಪಿ ಸರಿಪಡಿಸಿಕೊಂಡು, ತನ್ನ ನಿಜವಾದ ಗೇಟಿನ ಮುಂದೆ, ನಾಯಕನನ್ನು ನಿಜವಾಗಿಯೇ ಓಡಿಸುತ್ತಾರೆ. ಇಡೀ ಹಾಡಿನಲ್ಲಿ ನಟನೆ ಅನ್ನಿಸದ ದೃಶ್ಯ ಅದೊಂದೇ. ಕಾಮೆಂಟಿನಲ್ಲಿ ಹೊಗಳಿಕೆಯೂ ಅದಕ್ಕೇ.

5. ಫಲಶ್ರುತಿ

ಈ ಹಾಡನ್ನು ಸ್ಕಿಪ್ ಮಾಡದೆ ನೋಡುವವರು ನಾಯಕನ ತಾಯಿ, ನಾಯಕನ ಅಜ್ಜಿ ಹಾಗೂ ಎಡಿಟರ್. ಅವರಿಗೆ ಪುಣ್ಯಲೋಕ ನಿಶ್ಚಿತ. ಫ್ಲೈಓವರ್ ಕೆಳಗೆ ಹಾಡಿದವನಿಗೆ ಕ್ಯಾಂಪಸ್ ಸೆಲೆಕ್ಷನ್ ಪ್ರಾಪ್ತಿಯಾಗಿ, ಹಿನ್ನೆಲೆಗೆ ಸಿಗದೆ ಹೋದ ಅದೇ ಗಾಜಿನ ಕಟ್ಟಡದೊಳಗೆ ಕೊರಳಲ್ಲಿ ಟ್ಯಾಗ್ ಸಮೇತ ಪ್ರವೇಶ ದೊರೆಯುವುದು. ಆಗ ಗಾರ್ಡ್ ಎದ್ದು ನಿಂತು “ಗುಡ್ ಮಾರ್ನಿಂಗ್ ಸಾರ್” ಎಂದು, ಅವನ ಮೊಬೈಲು ಇಸಿದುಕೊಂಡು, ಕ್ಯಾಮೆರಾದ ಮೇಲೆ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡುವರು.